ಮಾಂಸದ ಕಡೆಯ ಸೌಟು

ನಾನು ಒಂದು ಸೌಟು. ಹಿತ್ತಾಳೆಯ ಸೌಟು, ಉದ್ದನೆಯ ಹಿಡಿ, ತುದಿಯಲ್ಲಿ ಮೊಳೆಗೆ ಸಿಕ್ಕಿಸಲು ಒಂದು ಕೊಕ್ಕೆ. ನಾನು ಹುಟ್ಟಿದ್ದು ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ. ಮಾನಪ್ಪ ಎಂಬ ಮುದುಕ ಒಂದೇ ತಗಡನ್ನು ಎರಡು ತುಂಡು ಮಾಡಿ, ಬಡಿದು ಬಡಿದು ಎರಡು ಸೌಟು ಮಾಡಿದ. ಒಂದು ನಾನು, ಇನ್ನೊಂದು ನನ್ನ ತಂಗಿ. ತೂಕ ಒಂದೇ, ಹೊಳಪು ಒಂದೇ, ಬಟ್ಟಲಿನ ಆಳ ಒಂದೇ. ಮಾಡಿದ ಮಾನಪ್ಪನಿಗೇ ನಮ್ಮಿಬ್ಬರಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದೆ ನಾನು ಹೊಟ್ಟೆಕಿಚ್ಚು ಪಟ್ಟದ್ದನ್ನೆಲ್ಲ ಕೇಳಿ, ಅವಳಲ್ಲಿ ಏನೋ ಹೆಚ್ಚಿನ ಗುಣ ಇದ್ದಿರಬೇಕು ಎಂದು ನೀವು ತಿಳಿಯಬಾರದು. ಏನೂ ಇರಲಿಲ್ಲ.

ನಮ್ಮನ್ನು ಕೊಂಡವರು ಇಬ್ಬರು ಹೆಂಗಸರು, ಸಿಪೋರಾಬಾಯಿ ಮತ್ತು ಫ್ಲೋರಾಬಾಯಿ. ಅಣ್ಣ ತಮ್ಮಂದಿರ ಹೆಂಡಿರು, ಅಂದರೆ ನೆಗೆಣ್ಣಿಯರು. ಬೆನೆ ಇಸ್ರೇಲ್ ಎಂಬ ಯೆಹೂದಿ ಜನ. ಯಾವ ಕಾಲದಲ್ಲೋ ಕೊಂಕಣದಿಂದ ರೈಲ್ವೆ ನೌಕರಿಗೆಂದು ಹುಬ್ಬಳ್ಳಿಗೆ ಬಂದು ಅಲ್ಲಿಯವರೇ ಆಗಿದ್ದರು. ಮನೆಯಲ್ಲಿ ಮರಾಠಿ ಆಡುತ್ತಿದ್ದರು, ದೇವರ ಹತ್ತಿರ ಹೀಬ್ರೂ; ಆದರೆ ಅಡುಗೆಗೂ ಜಗಳಕ್ಕೂ ಅವರಿಗೆ ಹುಬ್ಬಳ್ಳಿ ಕನ್ನಡವೇ ಬೇಕು. ಹಿರಿಯಳಾದ ಸಿಪೋರಾಬಾಯಿ ಕಟ್ಟುಮಸ್ತಾದ ಹೆಂಗಸು, ಮಾತು ಖಾರ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಹದಸ್ಸಾ. ಫ್ಲೋರಾಬಾಯಿಗೆ ಮಕ್ಕಳಿರಲಿಲ್ಲ. ಅವಳ ದನಿ ಮೆತ್ತಗೆ, ಕೈ ಮೆತ್ತಗೆ, ನಡಿಗೆಯೂ ಮೆತ್ತಗೆ. ಅಂಥವರನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಮೊದಲಿನಿಂದಲೂ ಅವರನ್ನು ಕಂಡರೆ ಅಷ್ಟಕ್ಕಷ್ಟೇ.

ನಮ್ಮನ್ನು ಕೊಂಡದ್ದು ಮನೆಗಲ್ಲ, ಶಿಬಿರಕ್ಕೆ. ಖಾನಾಪುರದ ಆಚೆ, ಕಾಡಿನ ಅಂಚಿಗೆ, ಮಲಪ್ರಭೆಯ ದಂಡೆಯ ಮೇಲೆ ಒಬ್ಬ ಕಟ್ಟಿಗೆ ಗುತ್ತಿಗೆದಾರನ ಹಳೆಯ ಬಂಗಲೆ ಇತ್ತು. ಪ್ರತಿ ಬೇಸಿಗೆಗೂ ಆ ಬಂಗಲೆಯನ್ನು ಹಿಡಿದು ಯೆಹೂದಿ ಮಕ್ಕಳಿಗಾಗಿ ಶಿಬಿರ ನಡೆಸುತ್ತಿದ್ದರು. ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿಯ ಮಕ್ಕಳು ಹಾಸಿಗೆ ಸುರುಳಿ ಹೊತ್ತುಕೊಂಡು ರೈಲಿನಿಂದ ಇಳಿಯುತ್ತಿದ್ದವು. ತಮ್ಮ ಊರಿನಲ್ಲಿ ಶಾಲೆಗೆಲ್ಲ ತಾವೊಬ್ಬರೇ ಯೆಹೂದಿಗಳಾಗಿ, "ನೀವು ಯಾವ ಜಾತಿ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬೇಸತ್ತ ಮಕ್ಕಳು. ಇಲ್ಲಿ ಬಂದರೆ ಯಾರೂ ಏನೂ ಕೇಳುವವರಿಲ್ಲ. ಅದಕ್ಕೇ ಇರಬೇಕು, ಬಂದ ದಿನವೇ ಗದ್ದಲ ಎಂದರೆ ಗದ್ದಲ.

ಶಿಬಿರದ ಹಿರಿಯರು ಎಝ್ರಾ ಕಾಕಾ. ಅವರು ಹಜಾನ್, ಪ್ರಾರ್ಥನೆ ನಡೆಸುವವರೂ ಅವರೇ, ಧರ್ಮದ ಪ್ರಕಾರ ಕುರಿ ಕೋಳಿ ಕೊಯ್ಯುವವರೂ ಅವರೇ. ಹೊಸ ಪಾತ್ರೆಯನ್ನು ಹರಿಯುವ ನೀರಿನಲ್ಲಿ ಮುಳುಗಿಸದೆ ಒಲೆ ಹತ್ತಿಸುವ ಪದ್ಧತಿ ಅವರಲ್ಲಿಲ್ಲ. ನನ್ನನ್ನೂ ತಂಗಿಯನ್ನೂ ಮಲಪ್ರಭೆಯ ಮಡುವಿನಲ್ಲಿ ಮುಳುಗಿಸಿ ಎತ್ತಿ, ಮಂತ್ರ ಹೇಳಿ, ಕಲ್ಲಿನ ಮೇಲೆ ಒಣಗಲಿಟ್ಟರು. ಪಕ್ಕದಲ್ಲಿ ಎರಡು ಬಣ್ಣದ ಡಬ್ಬಿಗಳಿದ್ದವು. ಕೆಂಪಿನ ಮುಚ್ಚಳ ಆಗಲೇ ತೆರೆದಿತ್ತು. ಅವರ ಕೈ ಮೊದಲು ಬಿದ್ದದ್ದು ನನ್ನ ಮೇಲೆ. ನನ್ನ ಹಿಡಿಗೆ ಕೆಂಪು ಪಟ್ಟೆ ಬಳಿದರು. ನೀಲಿ ಡಬ್ಬಿ ತೆರೆಯುವ ಹೊತ್ತಿಗೆ ಉಳಿದವಳು ನನ್ನ ತಂಗಿ.

ಕೆಂಪೆಂದರೆ ಮಾಂಸ. ನೀಲಿಯೆಂದರೆ ಹಾಲು. ಅವರ ಧರ್ಮದಲ್ಲಿ ಇವೆರಡೂ ಒಂದನ್ನೊಂದು ಮುಟ್ಟುವ ಹಾಗಿಲ್ಲ. ಒಲೆ ಬೇರೆ, ಪಾತೇಲಿ ಬೇರೆ, ತೊಳೆಯುವ ಬುಟ್ಟಿ ಬೇರೆ, ಒರೆಸುವ ಅರಿವೆ ಕೂಡ ಬೇರೆ. ಬಂಗಲೆಯ ಅಡುಗೆಮನೆಯನ್ನು ನಟ್ಟನಡುವೆ ಎರಡು ಪಾಲು ಮಾಡಿದ್ದರು. ಕಟ್ಟಿಗೆ ಒಲೆಯ ಕತ್ತಲೆ ಮೂಲೆ ಮಾಂಸದ ಕಡೆ. ಅಲ್ಲಿ ಸಿಪೋರಾಬಾಯಿ ಮತ್ತು ನಾನು. ಕಿಟಕಿ ಇದ್ದ ಕಡೆ, ಬೆಳಕು ಗಾಳಿ ಬರುವ ಕಡೆ, ಹಾಲಿನದು. ಅಲ್ಲಿ ಫ್ಲೋರಾಬಾಯಿ ಮತ್ತು ನನ್ನ ತಂಗಿ. ನಾನು ನೇತಾಡುವ ಮೊಳೆಯಿಂದ ಅವಳು ನೇತಾಡುವ ಮೊಳೆ ಚೆನ್ನಾಗಿ ಕಾಣುತ್ತಿತ್ತು. ಕಾಣದಿದ್ದರೆ ಎಷ್ಟೋ ಒಳ್ಳೆಯದಿತ್ತು.

ನನ್ನ ದಿನಚರಿ ಕೇಳಿ. ಬೆಳಿಗ್ಗೆ ಈರುಳ್ಳಿಯ ಒಗ್ಗರಣೆ, ಆಮೇಲೆ ಅರಿಶಿನ, ಖಾರ, ಕುರಿಯ ಎಲುಬು, ತೆಂಗಿನ ಹಾಲಿನ ಸಾರು. ತೊಳೆದರೆ ಎಣ್ಣೆ ಹೋಗದು, ಬೂದಿ ಹಚ್ಚಿ ತಿಕ್ಕಬೇಕು. ವರ್ಷಕ್ಕೊಮ್ಮೆ ಕಲಾಯಿ ಹಾಕಿಸಿದರೂ ಒಂದು ತಿಂಗಳಲ್ಲಿ ಮತ್ತೆ ಮೋರೆ ಕಪ್ಪು. ಅವಳ ದಿನಚರಿ? ಮುಂಜಾನೆ ಹಾಲು, ಮೊಸರು, ಸಂಜೆ ಶಾವಿಗೆ ಪಾಯಸ, ಬಾಯಿ ತುಂಬ ಏಲಕ್ಕಿ. ಒಂದು ಸಲ ನೀರಿನಲ್ಲಿ ಅದ್ದಿ ತೆಗೆದರೆ ಸಾಕು, ಫಳಫಳ. ಅವಳಿಗೆ ವಯಸ್ಸೇ ಆಗುತ್ತಿರಲಿಲ್ಲ. ಒಂದೇ ತಗಡಿನವರು ನಾವು. ನೋಡಿದವರು ನನ್ನನ್ನು ಅವಳ ಅಜ್ಜಿ ಎನ್ನಬೇಕು.

ಇದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಮಕ್ಕಳ ಮೋರೆ. ಮಾಂಸ ತಿಂದ ಮೇಲೆ ಗಂಟೆಗಟ್ಟಲೆ ಹಾಲು ಮುಟ್ಟುವ ಹಾಗಿಲ್ಲ. ಹೀಗಾಗಿ ನಾನು ಪಂಕ್ತಿಗೆ ಬಂದ ದಿನ ಪಾಯಸ ಇಲ್ಲ. ಮಕ್ಕಳು ಸಾರನ್ನು ಬೆರಳು ಚೀಪಿ ಚೀಪಿ ತಿನ್ನುತ್ತಿದ್ದವು, ಎರಡು ಸಲ ಬಡಿಸಿಕೊಳ್ಳುತ್ತಿದ್ದವು. ತಿಂದು ಮುಗಿಸಿ, ನನ್ನ ಕಡೆ ನೋಡಿ, "ಅಯ್ಯ, ಇವತ್ತ ಪಾಯಸಿಲ್ಲ" ಎಂದು ಮೂಗು ಮುರಿಯುತ್ತಿದ್ದವು. ಕೊಟ್ಟದ್ದಕ್ಕೆ ಹೆಸರಿಲ್ಲ, ಇಲ್ಲದ್ದಕ್ಕೆಲ್ಲ ನಾನೇ ಹೊಣೆ. ತಂಗಿ ಬಂದ ದಿನವಂತೂ ಊಟದ ಕೋಣೆಯಲ್ಲಿ ಮೇಜು ಗುದ್ದಿ ಹಾಡು ಹೇಳುತ್ತಿದ್ದವು.

ಶಿಬಿರದ ಚೆಂದವನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಮಡುವಿನಲ್ಲಿ ಈಜು. ಕೋಣೆಗಳಿಗೆ ಯಾಕೋಬನ ಮಕ್ಕಳ ಹೆಸರಿಟ್ಟಿದ್ದರು. ಯಾರ ಕೋಣೆ ಹೆಚ್ಚು ಓರಣ ಎಂದು ದಿನಾ ಪೈಪೋಟಿ. ಶುಕ್ರವಾರ ಸಂಜೆ ಎಲ್ಲರೂ ಮಿಂದು ಬಿಳಿ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಹೆಂಗಸರು ದೀಪ ಹಚ್ಚಿ, ಕಣ್ಣು ಮುಚ್ಚಿಕೊಂಡು ಮಂತ್ರ ಹೇಳುತ್ತಿದ್ದರು. ಶನಿವಾರ ಬೆಂಕಿ ಮುಟ್ಟುವಂತಿಲ್ಲವಾದ್ದರಿಂದ ಶುಕ್ರವಾರವೇ ಸಿಪೋರಾಬಾಯಿ ದೊಡ್ಡ ಪಾತೇಲಿಯನ್ನು ಕೆಂಡದ ಮೇಲಿಟ್ಟು, ಬಾಯಿಗೆ ಹಿಟ್ಟು ಮೆತ್ತಿ ಬಿಡುತ್ತಿದ್ದಳು. ಮರುದಿನ ಅದನ್ನು ಒಡೆದಾಗ ಬರುವ ಘಮಕ್ಕೆ ಪ್ರಾರ್ಥನೆಯಲ್ಲಿದ್ದ ಹುಡುಗರು ಸಾಲು ತಪ್ಪುತ್ತಿದ್ದರಂತೆ. ಆ ಒಂದು ಗಳಿಗೆ ನನ್ನದು. ವಾರಕ್ಕೆ ಒಂದೇ ಗಳಿಗೆ.

ಇನ್ನು ಹದಸ್ಸಾಳ ಮಾತು. ಅವಳನ್ನು ಕಂಕುಳಲ್ಲಿ ಎತ್ತಿಕೊಂಡೇ ಸಿಪೋರಾಬಾಯಿ ಮೊದಲ ವರ್ಷದ ಅಡುಗೆ ಮಾಡಿದ್ದು. ಆಗ ಆ ಕೂಸು ನನ್ನ ಕೊಕ್ಕೆಯನ್ನು ಹಿಡಿದು ಎಳೆಯುತ್ತಿತ್ತು. ನನ್ನನ್ನು ಬಾಯಿಗಿಟ್ಟು ಕಚ್ಚಿತ್ತು ಕೂಡ. ಹಾಗಾಗಿ ಅವಳು ನಮ್ಮವಳು, ಮಾಂಸದ ಕಡೆಯವಳು ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಕಾಲು ಬಂದದ್ದೇ ತಡ, ಅವಳು ಕಿಟಕಿಯ ಕಡೆ ನಡೆದಳು. ಸಿಪೋರಾಬಾಯಿಯ ಹತ್ತಿರ ಹೋದರೆ, "ದೂರ ಸರಿ, ಬೆಂಕಿ ಐತಿ, ಎಣ್ಣಿ ಸಿಡೀತೈತಿ" ಎಂಬ ಗದರಿಕೆ. ಫ್ಲೋರಾಬಾಯಿಯ ಹತ್ತಿರ ಹೋದರೆ ಹಾಡು, ಕಥೆ, ಅಂಗೈ ಮೇಲೆ ಒಂದು ಹನಿ ಪಾಯಸ. ಮಗು ಎತ್ತ ಹೋಗುತ್ತದೆ, ನೀವೇ ಹೇಳಿ.

ಹತ್ತು ವರ್ಷದವಳಾಗುವ ಹೊತ್ತಿಗೆ ಹದಸ್ಸಾ ಉಣ್ಣುವುದು ತಾಯಿಯ ಅಡುಗೆ, ಕೂರುವುದು ಕಾಕು, ಅಂದರೆ ಚಿಕ್ಕಮ್ಮ ಫ್ಲೋರಾಬಾಯಿಯ ಮಗ್ಗುಲಲ್ಲಿ ಎಂದಾಗಿತ್ತು. ಜಡೆ ಹಾಕಿಸಿಕೊಳ್ಳುವುದು ಕಾಕುವಿನ ಕೈಯಲ್ಲಿ. ಮಡುವಿನಲ್ಲಿ ಮೊದಲ ಸಲ ಈಜಿದ್ದನ್ನು ಓಡಿ ಬಂದು ಹೇಳಿದ್ದೂ ಕಾಕುವಿಗೆ. ಸಿಪೋರಾಬಾಯಿ ಆ ಸುದ್ದಿಯನ್ನು ಒಲೆಯ ಮುಂದೆ ಕೂತು, ಬೆನ್ನು ಹಾಕಿಕೊಂಡು, ಪರರ ಮಾತಿನ ಹಾಗೆ ಕೇಳಿಸಿಕೊಂಡಳು. ಆ ಹೊತ್ತು ನಾನು ಅವಳ ಕೈಯಲ್ಲಿದ್ದೆ. ನನ್ನ ಹಿಡಿಯನ್ನು ಅವಳು ಹಿಂಡಿದ ರಭಸಕ್ಕೆ ಹಿತ್ತಾಳೆಯಾದ ನನಗೂ ನೋವಾಯಿತು. ಆವತ್ತಿನಿಂದ ಅವಳೂ ನಾನೂ ಒಂದೇ ರೋಗದವರಾದೆವು. ಅವಳು ನೆಗೆಣ್ಣಿಯನ್ನು ನೋಡಿ ಉರಿಯುತ್ತಿದ್ದಳು, ನಾನು ನೆಗೆಣ್ಣಿಯ ಸೌಟನ್ನು ನೋಡಿ. ಸಾರಿಗೆ ಖಾರ ಹೆಚ್ಚಾಯಿತೆಂದು ಮಕ್ಕಳು ದೂರಿದ್ದು ಅದೇ ವರ್ಷ.

ಆ ವರ್ಷದ ಶಿಬಿರದ ನಡುವೆ ಒಂದು ಮಧ್ಯಾಹ್ನ ಫ್ಲೋರಾಬಾಯಿ ಕಿಟಕಿಯ ಕಡೆಯಿಂದ ಎದ್ದು ನಮ್ಮ ಕಡೆ ಬಂದಳು. ನಡುವಿನ ಗೆರೆ ದಾಟಲಿಲ್ಲ, ಅಲ್ಲೇ ನಿಂತಳು.

"ಅಕ್ಕಾರ, ಒಂದ ಮಾತ ಕೇಳ್ಲ್ಯಾ? ನಮ್ಮ ಮನಿಯವರಿಗೆ ಮುಂಬೈಗೆ ಬದಲಿ ಆಗೇತಿ. ಹದಸ್ಸಾನ್ನ ನಮ್ಮ ಕೂಡ ಕಳಸ್ರಿ. ಅಲ್ಲೆ ನಮ್ಮ ಮಂದೀದ ಸಾಲಿ ಐತಿ, ಹೀಬ್ರೂ ಕಲಸ್ತಾರ. ಸೂಟಿಗೆ ನಿಮ್ಮ ಕಡೆ ಬರ್ತಾಳ. ನನ್ನ ಮಗಳಂಗ ನೋಡಿಕೋತೀನಿ."

"ನಿನ್ನ ಮಗಳಂಗ ಯಾಕ ನೋಡಿಕೋತಿ? ಆಕಿ ನನ್ನ ಮಗಳಿದ್ದಾಳ."

"ಹಂಗಲ್ರೀ ಅಕ್ಕಾರ, ಆಕೀಗೂ ಮನಸ್ಸೈತಿ. ನಾ ಕೇಳೀನಿ."

ಸಿಪೋರಾಬಾಯಿಯ ಕೈ ನಿಂತಿತು. "ನನಗಿಂತ ಮೊದಲ ಆಕೀನ್ನ ಕೇಳಿದಿ?"

ಬೇರೆ ಯಾರಾದರೂ ಆಗಿದ್ದರೆ ಸಿಪೋರಾಬಾಯಿ ಅಡುಗೆಮನೆಯ ಹಂಚು ಹಾರುವ ಹಾಗೆ ಕೂಗಾಡುತ್ತಿದ್ದಳು. ಇಲ್ಲಿ ಕೂಗಲಿಲ್ಲ. ಮಗಳಿಗೆ ಮನಸ್ಸಿದೆ ಎಂಬ ಮಾತು ಅವಳ ಬಾಯಿ ಕಟ್ಟಿತ್ತು. "ಶಿಬಿರ ಮುಗೀಲಿ, ಆಮ್ಯಾಲ ನೋಡೂಣು" ಎಂದಷ್ಟೇ ಹೇಳಿ, ಕುದಿಯುವ ಸಾರಿನಲ್ಲಿ ನನ್ನನ್ನು ಗರಗರ ತಿರುಗಿಸತೊಡಗಿದಳು.

ಸುದ್ದಿ ಶಿಬಿರವೆಲ್ಲ ಹರಡಿತು. ಸುದ್ದಿ ಹರಡಲು ಮಕ್ಕಳ ಶಿಬಿರದಂಥ ಜಾಗ ಇನ್ನೊಂದಿಲ್ಲ. ಹದಸ್ಸಾಳ ಕೋಣೆಯ ಹುಡುಗಿಯರು ಅವಳನ್ನು ಕಂಡಾಗಲೆಲ್ಲ, "ಹೋಗ್ತಿಯೇನ? ಯಾರ ಮ್ಯಾಲ ಜಾಸ್ತಿ ಜೀವ? ಯಾರ ಕೈ ಅಡಿಗಿ ಛಲೋ?" ಎಂದು ಬೆನ್ನು ಹತ್ತಿದರು. ಎಝ್ರಾ ಕಾಕಾ ಕೂಡ ತಮಾಷೆಗೆ ಒಮ್ಮೆ ಕೇಳಿಬಿಟ್ಟರು. ಹದಸ್ಸಾ ನಗುತ್ತಿದ್ದಳು, ಉತ್ತರ ಹೇಳುತ್ತಿರಲಿಲ್ಲ. ಅಡುಗೆಮನೆಗೆ ಬಂದರೆ ಈಗ ಎರಡೂ ಕಡೆ ಹೋಗದೆ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಅಷ್ಟರಲ್ಲಿ ಶವುವೋತ್ ಹಬ್ಬ ಬಂತು. ಸಿನಾಯಿ ಬೆಟ್ಟದಲ್ಲಿ ದೇವರು ಧರ್ಮವನ್ನು ಕೊಟ್ಟ ದಿನ ಅದು. ಆವತ್ತು ಹಾಲಿನ ಅಡುಗೆ ಮಾಡುವುದು ವಾಡಿಕೆ. ಅಂದರೆ ಇಡೀ ಹಬ್ಬ ಕಿಟಕಿಯ ಕಡೆಯವರದು. ನಮ್ಮ ಒಲೆಗೆ ರಜೆ. ಹಂಡೆಯಷ್ಟು ದೊಡ್ಡ ಪಾತೇಲಿಯಲ್ಲಿ ಫ್ಲೋರಾಬಾಯಿ ಶಾವಿಗೆ ಪಾಯಸ ಕುದಿಸಿದಳು. ತಂಗಿ ಅದರಲ್ಲಿ ಮುಳುಗಿ ಏಳುತ್ತ, ಹಾಲು ಸುರಿಸುತ್ತ, ಬಿಸಿಲಲ್ಲಿ ಮಿರಿಮಿರಿ ಮಿಂಚುತ್ತಿದ್ದಳು. ನಾನು ಒಣಗಿ ಮೊಳೆಯ ಮೇಲೆ ನೇತಾಡಿಕೊಂಡು ಅದನ್ನೆಲ್ಲ ನೋಡಬೇಕು. ಆವತ್ತು ನನಗೆ ಆದಷ್ಟು ಹೊಟ್ಟೆಯುರಿ ಯಾವತ್ತೂ ಆಗಿಲ್ಲ.

ಸಿಪೋರಾಬಾಯಿ ತಟ್ಟನೆ ಎದ್ದು ತೆಂಗಿನಕಾಯಿ ಒಡೆದಳು. ತುರಿದು, ಅರೆದು, ಹಿಂಡಿ, ಗಟ್ಟಿ ಹಾಲು ತೆಗೆದಳು. ತೆಂಗಿನ ಹಾಲು ಹಾಲಲ್ಲ, ಅದಕ್ಕೆ ಮಾಂಸದ ಪಾತ್ರೆಯಾದರೂ ನಡೆಯುತ್ತದೆ. ಕೊಂಕಣದ ಯೆಹೂದಿಗಳು ತಲೆತಲಾಂತರದಿಂದ ಹಾಗೇ ಸಿಹಿ ಮಾಡುತ್ತ ಬಂದವರು. ಒಂದು ಸಣ್ಣ ಪಾತೇಲಿಯಲ್ಲಿ ಶಾವಿಗೆ, ಸಕ್ಕರೆ ಹಾಕಿ ಅವಳೂ ಪಾಯಸ ಮಾಡಿದಳು. ಕಲಕಿದ್ದು ನನ್ನಿಂದ! ನನ್ನ ಬಾಯಿಗೆ ಮೊದಲ ಸಲ ಸಿಹಿ ಬಿತ್ತು. ನೋಡಿದವರು ಹಾಲಿನ ಪಾಯಸವೆಂದು ತಪ್ಪು ತಿಳಿಯಬಾರದೆಂದು, ಪದ್ಧತಿಯ ಪ್ರಕಾರ ಅರ್ಧ ತೆಂಗಿನ ಚಿಪ್ಪನ್ನು ಪಾತೇಲಿಯ ಪಕ್ಕದಲ್ಲಿಟ್ಟಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕರೆದಳು.

"ಇದನ್ನೂ ತಿನ್ನು, ಅದನ್ನೂ ತಿನ್ನು. ತಿಂದು ಮಂದಿ ಮುಂದ ಹೇಳು, ಯಾರದು ಛಲೋ ಅಂತ. ಆಮ್ಯಾಲ ಮುಂಬೈ ಮಾತು."

"ಹೇಳ್ಲಿ ಬಿಡ್ರೀ ಅಕ್ಕಾರ," ಎಂದಳು ಆಚೆಯಿಂದ ಫ್ಲೋರಾಬಾಯಿ. ಅವಳ ಮೆತ್ತಗಿನ ದನಿಯಲ್ಲಿ ಆವತ್ತು ಒಂದು ಹರಳು ಸಿಕ್ಕಿಕೊಂಡಿತ್ತು. "ಆಕೀನ ಹೇಳ್ಲಿ."

ಹದಸ್ಸಾ ಒಮ್ಮೆ ಇವಳನ್ನು ನೋಡಿದಳು, ಒಮ್ಮೆ ಅವಳನ್ನು. "ಆಯೀ, ಹಸಿವಿಲ್ಲ ನನಗ," ಎಂದಳು ತಾಯಿಗೆ.

"ಪ್ರಾರ್ಥನಿ ಮುಗಿಯೂದ್ರಾಗ ಹಸಿವಾಗತೈತಿ," ಎಂದಳು ಸಿಪೋರಾಬಾಯಿ.

ಅಂಗಳದಲ್ಲಿ ಹತ್ತು ಆಜ್ಞೆಗಳನ್ನು ಓದುವ ಹೊತ್ತಾಗಿತ್ತು. ಆ ಓದು ಕೇಳಲು ಎಲ್ಲರೂ ಹೋಗಲೇಬೇಕು. ಹೆಂಗಸರಿಬ್ಬರೂ ಸೆರಗು ತಲೆಗೆ ಹಾಕಿಕೊಂಡು ಹೊರಟರು. ಅಡುಗೆಮನೆಯಲ್ಲಿ ಎರಡು ಪಾಯಸ, ಎರಡು ಸೌಟು ಉಳಿದವು. ಹೊರಗೆ ಎಝ್ರಾ ಕಾಕಾನ ಗಂಟಲು ಏರುತ್ತ ಇಳಿಯುತ್ತ ಕೇಳುತ್ತಿತ್ತು. ಆಗ ಹದಸ್ಸಾ ಒಬ್ಬಳೇ ಒಳಗೆ ಬಂದಳು.

ಬಂದವಳು ಸೀದಾ ನಮ್ಮ ಪಾತೇಲಿಯ ಹತ್ತಿರ ಬಂದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ! ನಮ್ಮದನ್ನೇ ಮೊದಲು ತಿನ್ನುತ್ತಾಳೆ ಎಂದುಕೊಂಡೆ. ಅವಳು ತಿನ್ನಲಿಲ್ಲ. ಪಾತೇಲಿಯನ್ನು ಎರಡೂ ಕೈಯಲ್ಲಿ ಎತ್ತಿ, ಹೊಟ್ಟೆಗೆ ಅವಚಿಕೊಂಡು, ನಡುವಿನ ಗೆರೆ ದಾಟಿ, ಆ ದೊಡ್ಡ ಪಾತೇಲಿಗೆ ನಮ್ಮ ಪಾಯಸವನ್ನು ಸುರಿದುಬಿಟ್ಟಳು. ಅದರೊಳಗೇ ಇದ್ದ ನಾನೂ ಪಾಯಸದ ಜೊತೆ ಜಾರಿ ಬಿದ್ದೆ. ಅಯ್ಯೋ ಎಂದು ಉಗುರುಬೆಚ್ಚಗಿದ್ದ ಪಾಯಸಕ್ಕೆ ಕೈ ಹಾಕಿದಳು, ಸಿಗಲಿಲ್ಲ; ನಾನು ತಳ ಸೇರಿದ್ದೆ. ಬಾಗಿಲಾಚೆ ಸಪ್ಪಳವಾಯಿತು. ಗಾಬರಿಯಲ್ಲಿ ಅವಳು ತಂಗಿಯ ಹಿಡಿ ಹಿಡಿದು ನಾಲ್ಕು ಸುತ್ತು ಕಲಕಿದಳು, ಖಾಲಿ ಪಾತೇಲಿಯನ್ನು ಚಿಪ್ಪಿನ ಪಕ್ಕದಲ್ಲಿಟ್ಟು ಓಡಿದಳು.

ಬಣ್ಣ ಬಳಿದ ದಿನದಿಂದ ನಾನೂ ತಂಗಿಯೂ ಒಬ್ಬರನ್ನೊಬ್ಬರು ಮುಟ್ಟಿರಲಿಲ್ಲ. ಆ ಬಿಳಿ ಕತ್ತಲಲ್ಲಿ ಅವಳ ಬಟ್ಟಲು ನನ್ನ ಬಟ್ಟಲಿಗೆ ಟಣ್ ಎಂದು ತಾಗಿತು. ಮಾತಾಡಿಸಬಹುದಿತ್ತು. ನಾನು ಮಾತಾಡಲಿಲ್ಲ. ನನ್ನ ಲಕ್ಷ್ಯವೆಲ್ಲ ಹಾಲಿನ ಮೇಲಿತ್ತು. ಇಷ್ಟು ವರ್ಷ ಯಾವುದನ್ನು ನೆನೆದು ಉರಿದಿದ್ದೆನೋ ಅದು ಈಗ ನನ್ನ ಕಂಠದವರೆಗೆ ತುಂಬಿತ್ತು. ರುಚಿ ನೋಡಿದೆ. ಸಿಹಿಯಾಗಿತ್ತು, ನಿಜ. ನಮ್ಮದೂ ಇಷ್ಟೇ ಸಿಹಿಯಾಗಿತ್ತಲ್ಲ ಎನ್ನಿಸಿತು.

ಅತ್ತ ಸಿಪೋರಾಬಾಯಿ ಪ್ರಾರ್ಥನೆಯಿಂದ ಮರಳಿ ಬಂದು ತನ್ನ ಪಾತೇಲಿ ಖಾಲಿಯಾದದ್ದನ್ನು ಕಂಡಳಂತೆ. ಇದನ್ನು ನಾನು ನೋಡಿದ್ದಲ್ಲ, ಮುಂದೆ ಅವಳೇ ಹೇಳಿಕೊಂಡದ್ದು. ಮಗಳು ಗೆಳತಿಯರನ್ನು ಕರೆದುಕೊಂಡು ಬಂದು ಎಲ್ಲವನ್ನೂ ತಿಂದು ಮುಗಿಸಿದ್ದಾಳೆ ಎಂದುಕೊಂಡಳು. ಅಷ್ಟು ಸಂತೋಷ ತನಗೆ ಮದುವೆಯ ದಿನವೂ ಆಗಿರಲಿಲ್ಲ ಎನ್ನುತ್ತಿದ್ದಳು. ಸೆರಗು ಸರಿ ಮಾಡಿಕೊಂಡು, ತಲೆ ಎತ್ತಿಕೊಂಡು ಊಟದ ಕೋಣೆಗೆ ಬಂದಳು.

ಕೋಣೆಯಲ್ಲಿ ಮಕ್ಕಳು ಬಟ್ಟಲು ಹಿಡಿದು ಕೂತಿದ್ದವು. ಹಬ್ಬವಾದ್ದರಿಂದ ಮೊದಲ ಸೌಟನ್ನು ಎಝ್ರಾ ಕಾಕಾನೇ ಬಡಿಸಬೇಕು. ಅವರು ತಂಗಿಯನ್ನು ಆಳಕ್ಕೆ ಇಳಿಸಿ ಎತ್ತಿದರು. ನನ್ನ ಕೊಕ್ಕೆ ಅವಳಿಗೆ ಸಿಕ್ಕಿಕೊಂಡಿತ್ತು. ಅವಳ ಹಿಂದೆ ನಾನೂ ಮೇಲೆ ಬಂದೆ. ಕೆಂಪು ಪಟ್ಟೆಯ ಮೇಲಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಯಾರೂ ಕೈ ಹಚ್ಚಬ್ಯಾಡ್ರಿ!" ಎಂದರು ಎಝ್ರಾ ಕಾಕಾ.

ಮಾಂಸದ ಸೌಟು ಹಾಲಿನಲ್ಲಿ, ಅದೂ ಧರ್ಮ ಕೊಟ್ಟ ದಿನವೇ. ಎಲ್ಲರ ಕಣ್ಣೂ ಸಿಪೋರಾಬಾಯಿಯ ಕಡೆ ತಿರುಗಿದವು. ಫ್ಲೋರಾಬಾಯಿಯ ಮೋರೆ ಬಿಳಿಚಿಕೊಂಡಿತು.

"ಅಕ್ಕಾರ, ಸಿಟ್ಟು ನನ್ನ ಮ್ಯಾಲಿದ್ರ ನನಗ ಬೈಬೇಕಿತ್ತು. ಮಕ್ಕಳ ಹಬ್ಬಾ ಯಾಕ ಕೆಡಿಸಿದ್ರಿ?"

ಸಿಪೋರಾಬಾಯಿ ಬಾಯಿ ತೆರೆದಳು. ಆಗ ಅವಳ ಕಣ್ಣು ಮಗಳ ಮೇಲೆ ಬಿತ್ತು. ಹದಸ್ಸಾಳ ಹಬ್ಬದ ಬಿಳಿ ಅಂಗಿಯ ತೋಳು ಮೊಳಕೈವರೆಗೆ ತೊಯ್ದಿತ್ತು, ಶಾವಿಗೆಯ ಒಂದೆಳೆ ಇನ್ನೂ ಅಂಟಿಕೊಂಡಿತ್ತು. ಸಿಪೋರಾಬಾಯಿ ಬಾಯಿ ಮುಚ್ಚಿದಳು. ಆಮೇಲೆ, "ಹೌದು, ನಾನ ಹಾಕೀನಿ," ಎಂದಳು.

"ಆಯಿ ಹಾಕಿಲ್ಲ!" ಹದಸ್ಸಾ ಬೆಂಚಿನ ಮೇಲಿಂದ ಎದ್ದು ನಿಂತಳು. ಮೊದಲು ಸಣ್ಣಗೆ ಮಾತಾಡಿದಳು, ಆಮೇಲೆ ಅಳುತ್ತ ಕೂಗಿದಳು. "ನಾ ಹಾಕಿದೆ. ಎಲ್ಲಾರೂ ಕೇಳ್ತೀರಿ, ಯಾರದು ಛಲೋ, ಯಾರದು ಛಲೋ, ಯಾರ ಮ್ಯಾಲ ಜಾಸ್ತಿ ಜೀವ. ಎರಡೂ ಒಂದ ಪಾತೇಲ್ಯಾಗ ಹಾಕಿದ್ರ ಯಾರೂ ಕೇಳಂಗಿಲ್ಲ ಅಂತ ಹಾಕಿದೆ!"

ಇಬ್ಬರು ಹೆಂಗಸರೂ ಅವಳತ್ತ ಒಂದು ಹೆಜ್ಜೆ ಇಟ್ಟರು. ಇನ್ನೊಬ್ಬಳು ಮುಂದೆ ಬಂದದ್ದನ್ನು ನೋಡಿ ಇಬ್ಬರೂ ನಿಂತರು. ಆ ಮಗುವನ್ನು ಆಗ ಎತ್ತಿಕೊಂಡು ಹೊರಗೆ ಹೋದವರು ಎಝ್ರಾ ಕಾಕಾ. ನನಗೆ ಆ ಗಳಿಗೆಯಲ್ಲಿ ಆ ಇಬ್ಬರ ಮೇಲೂ ಸಿಟ್ಟು ಬಂತು, ನನ್ನ ಮೇಲೂ ಬಂತು.

ಪಾಯಸವನ್ನು ಶಿಬಿರದವರು ತಿನ್ನುವಂತಿರಲಿಲ್ಲ. ತೆಂಗಿನ ಪಾಯಸವೇ ಆದರೂ ಮಾಂಸದ ಪಾತೇಲಿಯದು, ಮಾಂಸದ ಸೌಟು ಬಿದ್ದದ್ದು. ಮಕ್ಕಳ ವಿಷಯದಲ್ಲಿ ನಾನು ಸಡಿಲ ಬಿಡಲಾರೆ ಎಂದರು ಎಝ್ರಾ ಕಾಕಾ. ಪಕ್ಕದ ಹಳ್ಳಿಯವರನ್ನು ಕರೆಸಿ ಪಾತೇಲಿ ಒಪ್ಪಿಸಿದರು. ಅವರು ಬಂಗಲೆಯ ಗೇಟಿನಲ್ಲೇ ಕೂತು ತಿಂದರು. ಒಬ್ಬ ಮುದುಕಿ ಬಟ್ಟಲು ನೆಕ್ಕಿ, "ಎಂಥಾ ಪಾಯಸರೀ ಇದು! ಯಾರ ಮಾಡಿದ್ದು?" ಎಂದು ಕೇಳಿದಳು. ಉತ್ತರ ಹೇಳಲು ಅಲ್ಲಿ ಯಾರೂ ನಿಂತಿರಲಿಲ್ಲ. ಶಿಬಿರದ ಮಕ್ಕಳು ಆ ಹಬ್ಬಕ್ಕೆ ಬ್ರೆಡ್ಡು, ಬಾಳೆಹಣ್ಣು ತಿಂದವು.

ನಮ್ಮಿಬ್ಬರನ್ನು ಒಂದು ದಿನ ಮೂಲೆಯಲ್ಲಿಟ್ಟು, ಆಮೇಲೆ ಕುದಿಯುವ ನೀರಿನಲ್ಲಿ ಮುಳುಗಿಸಿ ಶುದ್ಧ ಮಾಡಿದರು. ಬಣ್ಣ ಸುಲಿದು ಹೋಯಿತು. ಶಿಬಿರ ಮುಗಿದು ಎಲ್ಲರೂ ಗಂಟುಮೂಟೆ ಕಟ್ಟುವಾಗ ಫ್ಲೋರಾಬಾಯಿ ಬಂದು, ಇದ್ದ ಎರಡರಲ್ಲಿ ಒಂದು ಸೌಟನ್ನು ಎತ್ತಿ ಚೀಲ ಸೇರಿಸಿದಳು. ಅದು ನನ್ನ ತಂಗಿ. ಎಲ್ಲರ ಕೈಯೂ ಅವಳ ಮೇಲೇ ಬೀಳುವುದು ಹೇಗೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಖಾನಾಪುರದ ಸ್ಟೇಶನ್ನಿನಲ್ಲಿ ಎರಡು ಗಾಡಿಗಳಿಗೆ ಕಾಯುತ್ತ ನಿಂತಿದ್ದರು. ನನ್ನ ಹಿಡಿ ಸಿಪೋರಾಬಾಯಿಯ ಚೀಲದಿಂದ ಹೊರಗೆ ಚಾಚಿತ್ತು. ಫ್ಲೋರಾಬಾಯಿ ಹತ್ತಿರ ಬಂದು, "ಹದಸ್ಸಾ ಬರ್ತಾಳೇನ್ರಿ ಅಕ್ಕಾರ?" ಎಂದು ಕೇಳಿದಳು. ಸಿಪೋರಾಬಾಯಿ, "ಆಕೀನ್ನ ಕೇಳು," ಎಂದಳು. ಅಷ್ಟು ಹೇಳಲು ಅವಳು ಎಷ್ಟು ಉಗುಳು ನುಂಗಿದಳೆಂಬುದು ನನಗೆ ಗೊತ್ತು.

ಹದಸ್ಸಾ ಯಾರ ಮೋರೆಯನ್ನೂ ನೋಡಲಿಲ್ಲ. "ಒಲ್ಲೆ," ಎಂದಳು.

ಗೆದ್ದವರು ನಾವು. ಮಗಳು ಸಿಪೋರಾಬಾಯಿಗೆ ಸಿಕ್ಕಳು. ಮರುವರ್ಷ ಹಾಲಿನ ಕಡೆ ಅಡುಗೆಗೆ ಯಾರೂ ಬರದೆ ಅದನ್ನೂ ಸಿಪೋರಾಬಾಯಿಯೇ ವಹಿಸಿಕೊಂಡಳು. ಮಾಂಸಕ್ಕೆ ಹೊಸ ಸ್ಟೀಲಿನ ಸೌಟು ಬಂತು, ನನಗೆ ನೀಲಿ ಪಟ್ಟೆ ಬಂತು. ಕಿಟಕಿಯ ಮೊಳೆ, ಬಿಸಿಲು, ಏಲಕ್ಕಿ, ಎಲ್ಲ ನನ್ನವು. ಮಕ್ಕಳು ನನ್ನನ್ನು ಕಂಡು ಮೇಜು ಗುದ್ದಿ ಹಾಡಿದವು. ನನ್ನ ಮನಸ್ಸು ತುಂಬಬೇಕಿತ್ತು. ಆದರೆ ಹದಸ್ಸಾ ಬಟ್ಟಲು ಚಾಚಿದಾಗ ಸಿಪೋರಾಬಾಯಿ, "ಹ್ಯಾಂಗಾಗೇತಿ?" ಎಂದು ಕೇಳಿದರೆ, ಅವಳು, "ಛಲೋ ಆಗೇತಿ," ಎನ್ನುತ್ತಿದ್ದಳು. ಉಪ್ಪಿಲ್ಲದ ಸಾರಿಗೂ "ಛಲೋ ಆಗೇತಿ." ಎರಡು ಲಂಗ ತೋರಿಸಿ ಯಾವುದು ಬೇಕೆಂದರೆ "ಯಾವುದರೆ ನಡೀತೈತಿ." ಮಡುವಿನಲ್ಲಿ ಆಚೆ ದಂಡೆ ಮುಟ್ಟಿ ಬಂದದ್ದನ್ನು ಅವಳು ಯಾರಿಗೂ ಓಡಿ ಬಂದು ಹೇಳಲಿಲ್ಲ.

ಸಿಪೋರಾಬಾಯಿ ಸೋಲುವ ಹೆಂಗಸಲ್ಲ. ಪ್ರತಿ ಬೇಸಿಗೆಯೂ ಫ್ಲೋರಾಬಾಯಿಯ ಪಾಯಸದ ಹದ ಹಿಡಿಯಲು ಹೆಣಗಾಡಿದಳು. ಶಾವಿಗೆಯನ್ನು ತುಪ್ಪದಲ್ಲಿ ಹುರಿದು ನೋಡಿದಳು, ಹುರಿಯದೆ ನೋಡಿದಳು, ಜಾಯಿಕಾಯಿ ತೇದು ನೋಡಿದಳು. ಒಳ್ಳೆಯ ಪಾಯಸವೇ ಆಗುತ್ತಿತ್ತು. ಅದು ಅಲ್ಲ ಎಂಬುದು ಅವಳಿಗೂ ಗೊತ್ತು, ಕಲಕುತ್ತಿದ್ದ ನನಗೂ ಗೊತ್ತು. ಅಷ್ಟರಲ್ಲಿ ಫ್ಲೋರಾಬಾಯಿ ಗಂಡನ ಜೊತೆ ಮುಂಬೈ ಬಿಟ್ಟು ಇಸ್ರೇಲಿಗೆ ಹೋದಳೆಂಬ ಸುದ್ದಿ ಬಂತು. ತಂಗಿಯೂ ವಿಮಾನ ಹತ್ತಿರಬೇಕು. ನಾನು ಸಮುದ್ರವನ್ನೇ ನೋಡಿಲ್ಲ. ಆ ಉರಿಯೂ ಕೆಲವು ವರ್ಷ ಇತ್ತು.

ಒಂದೊಂದೇ ಮನೆತನ ಹಾಗೇ ಹೊರಟು ಹೋಯಿತು. ರೈಲಿನಿಂದ ಇಳಿಯುವ ಹಾಸಿಗೆ ಸುರುಳಿಗಳು ಕಡಿಮೆಯಾದವು. ಒಂದು ಬೇಸಿಗೆ ಎಝ್ರಾ ಕಾಕಾ ಶಿಬಿರಕ್ಕೆ ಕರೆಯಲಿಲ್ಲ, ಅವರೂ ಮುದುಕರಾಗಿದ್ದರು. ಸಿಪೋರಾಬಾಯಿ ನನ್ನನ್ನು ಹುಬ್ಬಳ್ಳಿಯ ಮನೆಗೆ ತಂದು ಗೋಡೆಯ ಮೊಳೆಗೆ ಹಾಕಿದಳು. ಹದಸ್ಸಾ ಓದಿ ನರ್ಸ್ ಆದಳು, ಮದುವೆಯಾದಳು. ಗಂಡ ಅದೇ ಊರಿನ ರೈಲ್ವೆಯವನು; ತಾಯಿಯನ್ನು ಬಿಟ್ಟು ಅವಳು ಎಲ್ಲಿಗೂ ಹೋಗಲಿಲ್ಲ. ಒಳ್ಳೆಯ ಮಗಳು. ತಾಯಿಯ ಒಂದು ಮಾತಿಗೂ ಎದುರಾಡಿದವಳಲ್ಲ. ಅದೇ ಸಿಪೋರಾಬಾಯಿಯನ್ನು ಒಳಗೊಳಗೇ ತಿನ್ನುತ್ತಿತ್ತು. ಖಾರದ ಮಾತಿನ ಆ ಹೆಂಗಸು ಮಗಳಿಂದ ಒಂದು ಖಾರದ ಉತ್ತರಕ್ಕಾಗಿ ಕಾಯುತ್ತ ಮುದುಕಿಯಾದಳು.

ಈಗ ನನಗೂ ವಯಸ್ಸಾಗಿದೆ. ಬಟ್ಟಲು ಒಂದು ಕಡೆ ಸವೆದು ಓರೆಯಾಗಿದೆ, ಕಲಾಯಿ ಹಾಕುವವರು ಸಿಗುತ್ತಿಲ್ಲ. ಹೊಟ್ಟೆಕಿಚ್ಚಿನಿಂದ ನಾನು ಏನಾದರೂ ಕಲಿತೆನೇ ಎಂದು ಕೇಳಿದರೆ ದೊಡ್ಡ ಮಾತು ಹೇಳಲಾರೆ. ಹಿತ್ತಾಳೆಗೆ ಕಿಲುಬು ಹಿಡಿಯುವುದು ಸಹಜ, ತಿಕ್ಕುತ್ತಿರಬೇಕು. ಯಾರಾದರೂ ತಿಕ್ಕಿದರೆ ಒಳ್ಳೆಯದು.

ಮೊನ್ನೆ ಫ್ಲೋರಾಬಾಯಿ ತೀರಿಕೊಂಡ ಸುದ್ದಿ ಬಂತು. ಸಿಪೋರಾಬಾಯಿ ಹಾಸಿಗೆ ಹಿಡಿದು ಆಗಲೇ ಬಹಳ ದಿನವಾಗಿತ್ತು. ಸುದ್ದಿ ಕೇಳಿ ಅವಳು ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಎರಡು ದಿನ ಏನೂ ತಿನ್ನಲಿಲ್ಲ. ಮೂರನೆಯ ಸಂಜೆ ಹದಸ್ಸಾ ನನ್ನನ್ನು ಮೊಳೆಯಿಂದ ಇಳಿಸಿ, ತೊಳೆದು, ಹಾಲು ಕಾಸಿ ಶಾವಿಗೆ ಪಾಯಸ ಮಾಡಿದಳು. ಪಾತೇಲಿಯನ್ನೇ ಹಾಸಿಗೆಯ ಹತ್ತಿರ ತಂದು, ತಾಯಿಯನ್ನು ದಿಂಬಿಗೆ ಒರಗಿಸಿ ಕೂರಿಸಿ, ಬಟ್ಟಲಿಗೆ ಬಡಿಸಿ ಚಮಚೆಯಿಂದ ಉಣಿಸಿದಳು. ಸಿಪೋರಾಬಾಯಿ ನಿಧಾನವಾಗಿ ತಿಂದಳು. ತಿಂದು ಮುಗಿಸಿ, ನರೆತ ಕೂದಲಿನ ಮಗಳ ಮೋರೆಯನ್ನೇ ನೋಡಿದಳು.

"ಹದಸ್ಸಾ, ಒಂದ ಮಾತ ಕೇಳ್ತೀನಿ. ಆವಾಗ ಹೇಳ್ಲಿಲ್ಲ ನೀನು. ಯಾರದು ಛಲೋ ಇತ್ತು?"

ಹದಸ್ಸಾ ಬಟ್ಟಲು ಕೆಳಗಿಟ್ಟಳು. ಎಂದಿನ ಉತ್ತರ ಅವಳ ತುಟಿಯವರೆಗೆ ಬಂದದ್ದನ್ನು ನಾನು ನೋಡಿದೆ. ಅದನ್ನು ಅವಳು ನುಂಗಿದಳು.

"ಕಾಕುಂದು," ಎಂದಳು.

ಸಿಪೋರಾಬಾಯಿ ಕಣ್ಣು ಮುಚ್ಚಿದಳು. ಆಮೇಲೆ ಕಣ್ಣು ತೆರೆದು ಬಟ್ಟಲನ್ನು ಮಗಳ ಕಡೆ ಸರಿಸಿದಳು.

"ಗೊತ್ತಿತ್ತು ನನಗ," ಎಂದಳು. "ಇನ್ನೊಂದ ಸವಟ ಹಾಕು."